ಕಚೇರಿಯ ನೆಟ್‌ವರ್ಕಿಗೆ ಹೊರಗಿನಿಂದ ಸುರಕ್ಷಿತ ಪ್ರವೇಶ: ನನ್ನ ಅನುಭವ

ಸರ್ಕಾರಿ ಸಂಸ್ಥೆಯೊಂದರ ನೌಕರರು ಮನೆಯಿಂದಲೋ ಪ್ರವಾಸದಲ್ಲಿದ್ದಾಗಲೋ ಕಡತ ವಿಲೇವಾರಿ ಮಾಡಲು ಅನುಕೂಲವಾಗುವಂತೆ ನೆಟ್‌ವರ್ಕ್ ವ್ಯವಸ್ಥೆ ರೂಪಿಸುವ ಹೊಣೆ ನಮ್ಮ ತಂಡದ ಪಾಲಿಗೆ ಬಂದಾಗ, ಮೇಲಿನಿಂದ ಬಂದ ಟಿಪ್ಪಣಿಯಲ್ಲಿ ಇದ್ದದ್ದು ಎಲ್ಲ ಸಿಬ್ಬಂದಿಗೂ ವಿಪಿಎನ್ (ಹೊರಗಿನ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಗೂಢಲಿಪಿಯಲ್ಲಿ ಕಚೇರಿಯ ನೆಟ್‌ವರ್ಕಿಗೆ ಜೋಡಿಸುವ ವ್ಯವಸ್ಥೆ) ಸೌಲಭ್ಯ ಒದಗಿಸಬೇಕು ಎಂಬ ಸೂಚನೆ ಮಾತ್ರ. ಆ ಸಂಪರ್ಕಗಳು ಬಂದು ಸೇರುವ ವಿಪಿಎನ್ ಗೇಟ್‌ವೇ ಅಳವಡಿಸುವುದು ದೊಡ್ಡ ಕೆಲಸವೇನಲ್ಲ; ಸಾಧನ ಕೈಗೆ ಬಂದರೆ ಅದು ಬೇಗನೆ ಮುಗಿಯುತ್ತದೆ. ಆದರೆ ಯಾವ ಹುದ್ದೆಯವರು ಯಾವ ಸರ್ವರ್‌ವರೆಗೆ ತಲುಪಬೇಕು, ಅಲ್ಲಿಂದ ಮುಂದೆ ಯಾಕೆ ತಲುಪಬಾರದು ಎಂಬುದನ್ನು ಬರೆದಿಟ್ಟ ಒಂದು ಹಾಳೆಯೂ ಸಂಸ್ಥೆಯಲ್ಲಿ ಇರಲಿಲ್ಲ. ಈ ಯೋಜನೆಯಲ್ಲಿ ನಾವು ಪಟ್ಟ ಶ್ರಮದ ಬಹುಪಾಲು ಆ ಹಾಳೆಯನ್ನು ಸಿದ್ಧಪಡಿಸುವುದಕ್ಕೇ ಸಂದಿತು.

ಫೈರ್‌ವಾಲಿನ ಲಾಗ್‌ಗಳನ್ನು ತೆಗೆದು ಯಾವ ಶಾಖೆಯ ಕಂಪ್ಯೂಟರ್ ಯಾವ ಸರ್ವರಿನ ಯಾವ ಪೋರ್ಟಿಗೆ (ಒಂದೊಂದು ಸೇವೆಗೆ ಮೀಸಲಾದ ಸಂಖ್ಯೆಯ ಬಾಗಿಲಿಗೆ) ಹೋಗುತ್ತದೆ ಎಂದು ಗುರುತು ಹಾಕಿಕೊಂಡು, ಆ ಪಟ್ಟಿಯನ್ನು ಹಿಡಿದು ಶಾಖಾಧಿಕಾರಿಗಳ ಮುಂದೆ ಕುಳಿತೆವು. ಬಹುತೇಕ ನೌಕರರಿಗೆ ಬೇಕಾಗಿದ್ದದ್ದು ಇಮೇಲ್, ಕಡತ ನಿರ್ವಹಣೆಯ ತಂತ್ರಾಂಶ ಮತ್ತು ರಜೆ-ವೇತನದ ಪೋರ್ಟಲ್. ಮೂರೂ ಬ್ರೌಸರಿನಲ್ಲಿ 443ನೇ ಪೋರ್ಟಿನ ಮೂಲಕ ನಡೆಯುವಂಥವು. ಇಷ್ಟಕ್ಕಾಗಿ ಇಡೀ ನೆಟ್‌ವರ್ಕಿನೊಳಗೆ ಕರೆದುಕೊಳ್ಳುವ ಅಗತ್ಯವಿಲ್ಲವೆಂದು ತೀರ್ಮಾನಿಸಿ, ಅವುಗಳನ್ನು ಬಲವಾದ ಲಾಗಿನ್ ಇರುವ ರಿವರ್ಸ್ ಪ್ರಾಕ್ಸಿಯ (ಹೊರಗಿನ ಕೋರಿಕೆಯನ್ನು ಮೊದಲು ತಾನು ಪಡೆದು ಒಳಗಿನ ಸರ್ವರಿಗೆ ದಾಟಿಸುವ ಮಧ್ಯವರ್ತಿ ಸರ್ವರಿನ) ಹಿಂದೆ ಇಟ್ಟೆವು. ಡೇಟಾಬೇಸಿನೊಂದಿಗೆ ನೇರವಾಗಿ ಮಾತಾಡುವ ಹಳೆಯ ತಂತ್ರಾಂಶವನ್ನು ಬಳಸುತ್ತಿದ್ದ ಲೆಕ್ಕಪತ್ರ ಶಾಖೆಗೆ ಮಾತ್ರ ನಿಜವಾದ ಟನಲ್, ಅಂದರೆ ಪೂರ್ಣ ವಿಪಿಎನ್ ಸಂಪರ್ಕ, ಬೇಕಿತ್ತು. ಸಿಸ್ಟಂ ನಿರ್ವಾಹಕರು ತಮ್ಮ ಲ್ಯಾಪ್‌ಟಾಪಿನಿಂದ ಸರ್ವರಿಗೆ ನೇರವಾಗಿ ಹೋಗುವಂತಿಲ್ಲ. ಪ್ರತಿ ಸೆಷನ್ ದಾಖಲಾಗುವ ಜಂಪ್ ಸರ್ವರಿನ ಮೂಲಕವೇ ಹೋಗಬೇಕು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2020ರ ಆಗಸ್ಟಿನಲ್ಲಿ ಹೊರತಂದ 800-207 ಸಂಖ್ಯೆಯ ಜೀರೋ ಟ್ರಸ್ಟ್ ಕೈಪಿಡಿ ಹೇಳುವುದೂ ಇದನ್ನೇ: ಒಬ್ಬರು ನೆಟ್‌ವರ್ಕಿನ ಒಳಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಅವರನ್ನು ನಂಬಬಾರದು.

ಟನಲ್‌ಗೆ ಐಪಿಸೆಕ್ ಎಂಬ ಪ್ರೋಟೊಕಾಲನ್ನು, ಅದರ ಕೀಲಿ ವಿನಿಮಯಕ್ಕೆ ಐಕೆಇವಿ2 ಅನ್ನು ಆರಿಸಿಕೊಂಡೆವು. ಇನ್ನೊಂದು ವಿಪಿಎನ್ ವಿಧಾನವಾದ ವೈರ್‌ಗಾರ್ಡ್ ನನಗೆ ವೈಯಕ್ತಿಕವಾಗಿ ಮೆಚ್ಚುಗೆಯ ತಂತ್ರ. ಅದರ ಕೋಡ್ ಚಿಕ್ಕದು, 2020ರಲ್ಲಿ ಲಿನಕ್ಸ್ ಕರ್ನಲ್ 5.6ರಲ್ಲೇ ಸೇರಿಕೊಂಡಿತು. ಆದರೆ ಅದು ಬಳಸುವ ಚಾಚಾ20 ಸೈಫರ್ (ಗೂಢಲಿಪೀಕರಣ ವಿಧಾನ) ಅಮೆರಿಕ ಸರ್ಕಾರದ ಭದ್ರತಾ ಮಾನದಂಡವಾದ ಎಫ್‌ಐಪಿಎಸ್ ಅನುಮೋದಿತ ಪಟ್ಟಿಯಲ್ಲಿಲ್ಲ, ನಮ್ಮ ನಿಯಮಗಳೋ ಎಫ್‌ಐಪಿಎಸ್ 140 ಪ್ರಮಾಣೀಕರಣವನ್ನು ಕಡ್ಡಾಯವಾಗಿ ಕೇಳುತ್ತಿದ್ದವು. ಚರ್ಚೆ ಅಲ್ಲಿಗೇ ಮುಗಿಯಿತು. ವಸತಿಗೃಹಗಳ ವೈಫೈಯಂಥ ಕಡೆ ಐಪಿಸೆಕ್‌ಗೆ ಬೇಕಾದ ಯುಡಿಪಿ 500 ಮತ್ತು 4500ನೇ ಪೋರ್ಟುಗಳು ಮುಚ್ಚಿರುವುದು ಸಾಮಾನ್ಯವಾದ್ದರಿಂದ, 443ರ ಮೂಲಕ ಹೋಗುವ, ಸುರಕ್ಷಿತ ಜಾಲತಾಣಗಳು ಬಳಸುವ ಟಿಎಲ್ಎಸ್ ದಾರಿಯನ್ನೂ ಬದಲಿಯಾಗಿ ಇಟ್ಟೆವು. ಈ ದಾರಿ ನಡೆಯುವುದು, ಕಳೆದುಹೋದ ಪ್ಯಾಕೆಟ್ಟನ್ನು (ದತ್ತಾಂಶದ ತುಣುಕನ್ನು) ತಾನೇ ಮತ್ತೆ ಕಳುಹಿಸುವ ಟಿಸಿಪಿ ಪ್ರೋಟೊಕಾಲಿನ ಮೇಲೆ. ಟಿಸಿಪಿಯ ಒಳಗೆ ಟಿಸಿಪಿ ಓಡಿಸಿದಾಗ ಪ್ಯಾಕೆಟ್ ಕಳೆದುಹೋದರೆ ಎರಡೂ ಪದರಗಳು ಒಟ್ಟಿಗೆ ಮರುಕಳುಹಿಸಲು ಹೊರಟು ವೇಗ ಕುಸಿಯುತ್ತದೆಯಾದ್ದರಿಂದ, ಅದು ಬೇರೆ ದಾರಿಯಿಲ್ಲದಾಗ ಮಾತ್ರ ಬಳಸುವ ದಾರಿ.

ಲಾಗಿನ್ ವಿಷಯದಲ್ಲಿ ಪಾಸ್‌ವರ್ಡಿಗೆ ಒಟಿಪಿ ಸೇರಿಸಿದರೆ ಸಾಕೆಂಬ ಅಭಿಪ್ರಾಯ ಬಲವಾಗಿತ್ತು. ಆದರೆ ನಕಲಿ ಲಾಗಿನ್ ಪುಟ ಮಾಡಿದವನು ಬಳಕೆದಾರರು ಟೈಪ್ ಮಾಡಿದ ಒಟಿಪಿಯನ್ನು ಅದರ ಅವಧಿ ಮುಗಿಯುವ ಮೊದಲೇ ಅಸಲಿ ಪುಟಕ್ಕೆ ದಾಟಿಸಬಲ್ಲ. ಲಾಗಿನ್‌ಗಾಗಿ ಕೈಯಲ್ಲಿಟ್ಟುಕೊಳ್ಳುವ ಕಿರು ಸಾಧನವಾದ ಫಿಡೊ2 ಭದ್ರತಾ ಕೀಲಿಯಲ್ಲಾದರೆ ಸಹಿ ಆಯಾ ಜಾಲತಾಣದ ವಿಳಾಸಕ್ಕೇ ಬದ್ಧವಾಗಿರುವುದರಿಂದ ನಕಲಿ ಪುಟಕ್ಕೆ ಏನೂ ದಕ್ಕುವುದಿಲ್ಲ. ಇದನ್ನು ಪರೀಕ್ಷಾ ಪುಟವೊಂದರಲ್ಲಿ ಸಭೆಯ ಮುಂದೆಯೇ ಮಾಡಿ ತೋರಿಸಿದ ಮೇಲೆ ಕೀಲಿಗಳ ಖರೀದಿಗೆ ಒಪ್ಪಿಗೆ ಸಿಕ್ಕಿತು. ಹಿರಿಯ ಅಧಿಕಾರಿಗಳಿಗೆ ವಿನಾಯಿತಿ ಕೊಡಬೇಕೆಂಬ ಮಾತು ಬಂದಾಗ 2021ರ ಮೇ ತಿಂಗಳ ಅಮೆರಿಕದ ಇಂಧನ ಕೊಳವೆಮಾರ್ಗ ಕಂಪನಿ ಕಲೋನಿಯಲ್ ಪೈಪ್‌ಲೈನ್ ಮೇಲಿನ ಸೈಬರ್ ದಾಳಿಯ ಪ್ರಕರಣವನ್ನು ಮುಂದಿಟ್ಟೆ. ಅಲ್ಲಿ ದಾಳಿಕೋರರು ಒಳನುಗ್ಗಿದ್ದು ಯಾರೂ ಬಳಸದೆ ಉಳಿದಿದ್ದ, ಪಾಸ್‌ವರ್ಡ್ ಒಂದನ್ನೇ ಕೇಳುತ್ತಿದ್ದ ಹಳೆಯ ವಿಪಿಎನ್ ಖಾತೆಯಿಂದ. ವಿನಾಯಿತಿಯ ಮಾತು ಮತ್ತೆ ಬರಲಿಲ್ಲ. ಪ್ರತಿಯೊಬ್ಬರಿಗೂ ಎರಡು ಕೀಲಿ ಕೊಟ್ಟು, ಒಂದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿಯಲ್ಲೇ ಇರಿಸಿದೆವು. ಕೀಲಿ ಕಳೆಯಿತೆಂದು ಸಹಾಯವಾಣಿಗೆ ಕರೆ ಬಂದರೆ, ಸೇವಾ ದಾಖಲೆಯಲ್ಲಿರುವ ಸಂಖ್ಯೆಗೆ ನಾವೇ ಮರಳಿ ಕರೆ ಮಾಡದೆ, ಶಾಖಾಧಿಕಾರಿಯ ದೃಢೀಕರಣವಿಲ್ಲದೆ ಏನನ್ನೂ ಬದಲಿಸುವಂತಿಲ್ಲ. ಎಷ್ಟೇ ಗಟ್ಟಿಯಾದ ಲಾಗಿನ್ ಇದ್ದರೂ ಸಹಾಯವಾಣಿಯಲ್ಲಿ ಕುಳಿತವರ ಮರುಕದಿಂದ ಅದು ಬಿಚ್ಚಿಕೊಳ್ಳಬಹುದು.

ಟನಲ್ ಸಂಸ್ಥೆಯ ಲ್ಯಾಪ್‌ಟಾಪುಗಳಿಗೆ ಮಾತ್ರ. ಯಂತ್ರವನ್ನು ಗುರುತಿಸುವ ಡಿಜಿಟಲ್ ಪ್ರಮಾಣಪತ್ರದ ಖಾಸಗಿ ಕೀಲಿ ಅದರೊಳಗಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿ ಹುಟ್ಟಿ ಅಲ್ಲೇ ಉಳಿಯುತ್ತದೆ, ಅದನ್ನು ನಕಲು ಮಾಡಿ ಬೇರೆ ಯಂತ್ರಕ್ಕೆ ಒಯ್ಯಲಾಗದು. ಡಿಸ್ಕ್ ಎನ್‌ಕ್ರಿಪ್ಷನ್ ಆಗಿಲ್ಲದ ಅಥವಾ ಅಪ್‌ಡೇಟ್ ಬಾಕಿಯಿರುವ ಯಂತ್ರವನ್ನು ಪೂರ್ತಿ ಹೊರಗಿಡದೆ, ಅಪ್‌ಡೇಟ್ ಸರ್ವರ್ ಮಾತ್ರ ಕಾಣುವ ಪ್ರತ್ಯೇಕ ವಲಯಕ್ಕೆ ಕಳುಹಿಸುವಂತೆ ಮಾಡಿದೆವು. ಹೊರಗಿಟ್ಟ ಯಂತ್ರ ಅಪ್‌ಡೇಟ್ ಆಗುವುದಾದರೂ ಹೇಗೆ?

ಬಳಕೆ ಆರಂಭವಾದ ಮೇಲೆ ಬಂದ ದೂರುಗಳಲ್ಲಿ ಎರಡನ್ನು ವಿವರವಾಗಿ ಹೇಳಬೇಕು. ಮೊದಲನೆಯದು: ವಿಪಿಎನ್ ಸಂಪರ್ಕಗೊಂಡಿದೆ ಎಂದು ತೋರಿಸುತ್ತದೆ, ಲೆಕ್ಕಪತ್ರ ತಂತ್ರಾಂಶ ತೆರೆಯುತ್ತದೆ, ಆದರೆ ಒಂದು ಫೈಲ್ ಸರ್ವರ್ ಮಾತ್ರ ಸಿಗುವುದಿಲ್ಲ; ಅದೂ ಕೆಲವರ ಮನೆಯಿಂದ ಮಾತ್ರ. ಆ ಸರ್ವರಿನ ವಿಳಾಸ 192.168.1 ಸರಣಿಯಲ್ಲಿತ್ತು, ಬಹಳಷ್ಟು ಮನೆಗಳ ರೂಟರ್ ಹಂಚುವುದೂ ಅದೇ ಸರಣಿಯನ್ನೇ. ಹೀಗಾಗಿ ಲ್ಯಾಪ್‌ಟಾಪ್ ಆ ಸರ್ವರನ್ನು ಟನಲಿನಾಚೆ ಹುಡುಕದೆ ಮನೆಯೊಳಗೇ ಹುಡುಕುತ್ತಿತ್ತು. ತಾತ್ಕಾಲಿಕವಾಗಿ ಆ ಒಂದು ವಿಳಾಸಕ್ಕೆ /32 ರೂಟ್ (ಆ ಒಂದೇ ವಿಳಾಸವನ್ನು ಟನಲಿಗೆ ಕಳುಹಿಸುವ ದಾರಿ) ಕೊಟ್ಟು, ಅನಂತರ ಆ ವಿಭಾಗವನ್ನೇ 10ರಿಂದ ಆರಂಭವಾಗುವ ಸರಣಿಗೆ ಬದಲಿಸಿದೆವು.

ಎರಡನೆಯದು ಇನ್ನೂ ಕಾಡಿತು. ಲಾಗಿನ್ ಆಗುತ್ತದೆ, ಸಣ್ಣ ಪರದೆಗಳು ಬರುತ್ತವೆ, ದೊಡ್ಡ ವರದಿ ತೆರೆದ ಕೂಡಲೇ ಎಲ್ಲವೂ ಸ್ತಬ್ಧ. ಸಾಮಾನ್ಯ ಈಥರ್‌ನೆಟ್ ಪ್ಯಾಕೆಟ್ಟಿನ ಮಿತಿ 1500 ಬೈಟ್. ಐಪಿಸೆಕ್ ತನ್ನ ಹೆಡರುಗಳನ್ನು ಸೇರಿಸಿದಾಗ ದೊಡ್ಡ ಪ್ಯಾಕೆಟ್ ಆ ಮಿತಿಯನ್ನು ಮೀರುತ್ತದೆ. ಆಗ ಪ್ಯಾಕೆಟ್ ಚಿಕ್ಕದು ಮಾಡಿ ಎಂದು ದಾರಿಯ ರೂಟರ್ ಕಳುಹಿಸುವ ಐಸಿಎಂಪಿ ಸಂದೇಶವನ್ನು ನಡುವಿನ ಯಾವುದೋ ಫೈರ್‌ವಾಲ್ ತಡೆದರೆ, ಕಳುಹಿಸಿದವರಿಗೆ ವಿಷಯವೇ ತಿಳಿಯುವುದಿಲ್ಲ. ಟನಲಿನ ಎಂಟಿಯುವನ್ನು (ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು) 1400ಕ್ಕೆ, ಟಿಸಿಪಿಯ ಎಂಎಸ್‌ಎಸ್ ಅನ್ನು (ಒಂದು ಪ್ಯಾಕೆಟ್ಟಿನಲ್ಲಿ ಹಿಡಿಯುವ ದತ್ತಾಂಶದ ಮಿತಿಯನ್ನು) 1360ಕ್ಕೆ ಇಳಿಸಿದ ಮೇಲೆ ವರದಿಗಳು ತೆರೆದುಕೊಂಡವು. ಪ್ಯಾಕೆಟ್ ತುಂಡರಿಸಬಾರದೆಂಬ ಆಯ್ಕೆಯೊಂದಿಗೆ ಪಿಂಗ್ ಮಾಡಿದಾಗ 1372 ಬೈಟ್ ದಾಟಿ 1373 ದಾಟದಿದ್ದರೆ ಹೊಂದಿಕೆ ಸರಿಯಿದೆ ಎಂದು ತಿಳಿಯಬಹುದು, ಏಕೆಂದರೆ ಉಳಿದ 28 ಬೈಟ್ ಹೆಡರುಗಳಿಗೆ ಹೋಗುತ್ತದೆ. ಟನಲ್ ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4 ಅನ್ನು ಮಾತ್ರ ಹೊರುತ್ತಿದ್ದರೆ, ಹೊಸ ಪದ್ಧತಿಯಾದ ಐಪಿವಿ6ರಲ್ಲಿ ನಡೆಯುವ ಮನೆಯ ಸಂಚಾರ ಸದ್ದಿಲ್ಲದೆ ಟನಲಿನ ಹೊರಗಿನಿಂದಲೇ ಹೋಗುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ತಡೆಯುವ ನಿಯಮವನ್ನು ಪ್ರತ್ಯೇಕವಾಗಿ ಹಾಕಲೇಬೇಕು.

ಇಂಟರ್ನೆಟ್ಟಿಗೆ ಮುಖ ಮಾಡಿ ನಿಂತಿರುವ ಗೇಟ್‌ವೇಯೇ ದಾಳಿಗೆ ಮೊದಲ ಗುರಿ. 2024ರ ಜನವರಿ 31ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ಇವಾಂಟಿ ಕಂಪನಿಯ ವಿಪಿಎನ್ ಸಾಧನಗಳನ್ನು 48 ಗಂಟೆಗಳೊಳಗೆ ನೆಟ್‌ವರ್ಕಿನಿಂದ ತೆಗೆಯುವಂತೆ ಅಲ್ಲಿನ ಫೆಡರಲ್ ಸಂಸ್ಥೆಗಳಿಗೆ ಆದೇಶಿಸಿತು. ಅಂಥ ಆದೇಶ ನಮಗೇ ಬಂದರೆ ಏನು ಮಾಡುತ್ತೇವೆ ಎಂದು ಯೋಚಿಸಿದಾಗ, ತಾಂತ್ರಿಕ ಉತ್ತರಕ್ಕಿಂತ ಆಡಳಿತಾತ್ಮಕ ಉತ್ತರವೇ ಕಾಣದಾಯಿತು: ರಾತ್ರಿ ಹೊತ್ತಿನಲ್ಲಿ ಗೇಟ್‌ವೇ ಮುಚ್ಚುವ ಅಧಿಕಾರ ಯಾರಿಗಿದೆ? ಕರ್ತವ್ಯದಲ್ಲಿರುವ ಇಂಜಿನಿಯರ್ ಯಾರ ಒಪ್ಪಿಗೆಗೂ ಕಾಯದೆ ಮುಚ್ಚಬಹುದು ಎಂಬ ಆದೇಶವನ್ನು ಲಿಖಿತವಾಗಿ ಪಡೆದೆವು. ಗೇಟ್‌ವೇ ಮುಚ್ಚಿದರೂ ರಿವರ್ಸ್ ಪ್ರಾಕ್ಸಿಯ ಹಿಂದಿರುವವರ ಕೆಲಸ ನಿಲ್ಲುವುದಿಲ್ಲ. ಆರಂಭದಲ್ಲಿ ಮಾಡಿಕೊಂಡ ವಿಂಗಡಣೆಯ ಲಾಭ ಇಲ್ಲೂ ದೊರೆಯಿತು.

ಸರ್ಕಾರಿ ಸಂಸ್ಥೆಯಲ್ಲಿ ವರ್ಗಾವಣೆ, ನಿಯೋಜನೆ, ನಿವೃತ್ತಿ ನಿರಂತರವಾಗಿ ನಡೆಯುತ್ತಿರುತ್ತವೆ. ಹೊಸ ಹುದ್ದೆಯ ಪ್ರವೇಶ ಬೇಕೆಂದು ಎಲ್ಲರೂ ಕೇಳುತ್ತಾರೆ, ಹಳೆಯದನ್ನು ತೆಗೆಯಿರಿ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಪ್ರವೇಶವನ್ನು ವ್ಯಕ್ತಿಗೆ ಕೊಡದೆ ಹುದ್ದೆಗೆ ಕೊಟ್ಟೆವು. ಸಿಬ್ಬಂದಿ ಶಾಖೆಯಲ್ಲಿ ಆದೇಶ ದಾಖಲಾದ ಕೂಡಲೇ ಹಳೆಯ ಹುದ್ದೆಯ ಗುಂಪಿನಿಂದ ಹೆಸರು ತಾನಾಗಿಯೇ ಹೋಗುತ್ತದೆ, ನಿವೃತ್ತರ ಪ್ರಮಾಣಪತ್ರ ರದ್ದಾಗುತ್ತದೆ, ಹೆಚ್ಚುವರಿ ಪ್ರಭಾರಕ್ಕೆ ಕೊಟ್ಟ ಪ್ರವೇಶ ಆದೇಶದಲ್ಲಿರುವ ದಿನಾಂಕಕ್ಕೆ ಮುಗಿಯುತ್ತದೆ. ನಿರ್ವಹಣಾ ಗುತ್ತಿಗೆ ಪಡೆದ ಕಂಪನಿಗಳ ಸಿಬ್ಬಂದಿಗೆ ಸ್ಥಾಯಿ ಖಾತೆಯೇ ಇಲ್ಲ. ಕೆಲಸದ ಕೋರಿಕೆ ಬಂದಾಗ ಆ ಒಂದು ಸರ್ವರಿಗೆ, ಕೋರಿದಷ್ಟು ಅವಧಿಗೆ ಖಾತೆ ತೆರೆಯುತ್ತೇವೆ, ನಮ್ಮ ಇಂಜಿನಿಯರ್ ಒಬ್ಬರು ಜಂಪ್ ಸರ್ವರಿನಲ್ಲಿ ಅದೇ ಸೆಷನ್ ನೋಡುತ್ತಿರುತ್ತಾರೆ. ಇದರಿಂದ ದುರಸ್ತಿ ತಡವಾಗುತ್ತದೆ ಎಂದು ಗುತ್ತಿಗೆದಾರರು ಈಗಲೂ ಪ್ರತಿ ಸಭೆಯಲ್ಲಿ ಆಕ್ಷೇಪಿಸುತ್ತಾರೆ, ನಾವು ಅದನ್ನು ನಡಾವಳಿಯಲ್ಲಿ ದಾಖಲಿಸಿಕೊಳ್ಳುತ್ತೇವೆ. ಪದ್ಧತಿಯನ್ನು ಮಾತ್ರ ಬದಲಿಸಿಲ್ಲ.