ಹೆಪಟೈಟಿಸ್ ಸಿ ಸಂಶೋಧನೆಯ ಸುದ್ದಿ ಬಂದಾಗ ಮೊದಲು ಏನು ನೋಡಬೇಕು?

ಲಿವರ್‌ಗೆ ತಗುಲುವ ವೈರಸ್ ಸೋಂಕಾದ ಹೆಪಟೈಟಿಸ್ ಸಿ ಬಗ್ಗೆ ‘ದೊಡ್ಡ ಸಾಧನೆ’ ಅಂತ ಸುದ್ದಿ ಬಂದ ಕೂಡಲೇ ಅದನ್ನು ಹತ್ತು ಜನಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಅಳೆದದ್ದು ಏನನ್ನು? ರಕ್ತದಲ್ಲಿರುವ ವೈರಸ್ಸನ್ನೋ, ದೇಹ ಅದರ ವಿರುದ್ಧ ಮಾಡಿಕೊಂಡ ಆ್ಯಂಟಿಬಾಡಿಯನ್ನೋ, ಇಲ್ಲಾ ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶವನ್ನೋ? ಈ ಮೂರನ್ನು ಬೇರೆ ಮಾಡಿ ನೋಡಲು ಬಂದರೆ ಅರ್ಧ ಗೊಂದಲ ಹೋದಂತೆ.

ಮೊದಲು ರಕ್ತದ ರಿಪೋರ್ಟ್ ಓದುವುದನ್ನು ಕಲಿಯಿರಿ. ಅದರಲ್ಲಿ ‘ಆ್ಯಂಟಿ ಎಚ್‌ಸಿವಿ: ರಿಯಾಕ್ಟಿವ್’ ಅಂತ ಒಂದು ಸಾಲು ಇರುತ್ತದೆ, ಅಂದರೆ ಹೆಪಟೈಟಿಸ್ ಸಿ ವೈರಸ್ (ಎಚ್‌ಸಿವಿ) ವಿರುದ್ಧದ ಆ್ಯಂಟಿಬಾಡಿ ಸಿಕ್ಕಿದೆ ಅಂತ. ಅದನ್ನು ನೋಡಿ ಎಷ್ಟೋ ಜನ ಅಲ್ಲೇ ಕುಸಿದು ಕೂರುತ್ತಾರೆ, ಪಾಪ. ಈ ವೈರಸ್ ಯಾವಾಗಲೋ ಒಮ್ಮೆ ಒಳಗೆ ಬಂದಿರಬಹುದು ಅನ್ನುವುದಷ್ಟೇ ಆ ಸಾಲಿನ ಅರ್ಥ. ಈಗಲೂ ಇದೆಯಾ ಅಂತ ಹೇಳುವುದು ಇನ್ನೊಂದು ಟೆಸ್ಟ್, ವೈರಸ್ಸಿನ ವಂಶವಾಹಿ ವಸ್ತುವನ್ನೇ ರಕ್ತದಲ್ಲಿ ಹುಡುಕುವ ಆರ್‌ಎನ್‌ಎ ಟೆಸ್ಟ್. ಸೋಂಕು ತಗುಲಿದವರಲ್ಲಿ ಸುಮಾರು ಶೇ 30ರಷ್ಟು ಜನರಿಗೆ ಔಷಧಿಯೇ ಇಲ್ಲದೆ ಆರು ತಿಂಗಳೊಳಗೆ ವೈರಸ್ ತಾನಾಗಿ ಹೊರಟುಹೋಗುತ್ತದೆ, ಆದರೂ ಆ್ಯಂಟಿಬಾಡಿ ವರ್ಷಗಟ್ಟಲೆ ಉಳಿದಿರುತ್ತದೆ. ಹಾಗಾಗಿ ಎರಡನೇ ಟೆಸ್ಟ್ ಆಗದೆ ಯಾವ ತೀರ್ಮಾನಕ್ಕೂ ಬರಬೇಡಿ.

ಆಮೇಲೆ ‘ಗುಣವಾಯಿತು’ ಅನ್ನುವ ಪದವನ್ನು ನೋಡಿ. ಮಾತ್ರೆ ಮುಗಿದು 12 ವಾರ ಆದ ಮೇಲೂ ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ ಸಿಗದಿದ್ದರೆ ಅದನ್ನು ಗುಣ ಅನ್ನುತ್ತಾರೆ. ಮಾತ್ರೆ ನುಂಗುತ್ತಿರುವಾಗಲೇ ವೈರಸ್ ಇಳಿಯಿತು ಅಂದರೆ ಅದು ಒಳ್ಳೆಯ ಸುದ್ದಿಯೇ, ಆದರೆ ಇನ್ನೂ ಗುಣ ಅಲ್ಲ. ಈ ವೈರಸ್ ನಮ್ಮ ಡಿಎನ್‌ಎ ಒಳಗೆ ಹೋಗಿ ಅಡಗಿ ಕೂರುವುದಿಲ್ಲ, ಅದಕ್ಕೇ ಇದನ್ನು ಪೂರ್ತಿ ಓಡಿಸಲು ಆಗುತ್ತದೆ. ನನಗೆ ಇದು ವಿಜ್ಞಾನದ ತುಂಬಾ ದೊಡ್ಡ ಗೆಲುವು ಅನ್ನಿಸುತ್ತದೆ.

ಲ್ಯಾಬಿನ ಸುದ್ದಿ ಓದುವಾಗ ಮಾತ್ರ ವರ್ಷಗಳ ಲೆಕ್ಕ ನೆನಪಿರಲಿ. 1970ರ ದಶಕದಲ್ಲಿ ವಿಜ್ಞಾನಿ ಹಾರ್ವಿ ಆಲ್ಟರ್ ತಂಡ, ರಕ್ತ ಪಡೆದವರಿಗೆ ಬರುತ್ತಿದ್ದ ಕಾಮಾಲೆಯಲ್ಲಿ ಎಷ್ಟೋ ಹೆಪಟೈಟಿಸ್ ಎ ಕೂಡ ಅಲ್ಲ, ಬಿ ಕೂಡ ಅಲ್ಲ ಅಂತ ತೋರಿಸಿತು. ಮೈಕಲ್ ಹೌಟನ್ ತಂಡ ವೈರಸ್ಸನ್ನು ಗುರುತಿಸಿದ್ದು 1989ರಲ್ಲಿ. ಅದರ ಆರ್‌ಎನ್‌ಎ ತುಣುಕು ತಟ್ಟೆಯ ಜೀವಕೋಶದಲ್ಲಿ ತಾನೇ ನಕಲಾಗುವಂತೆ ಮಾಡಲು 1999ರವರೆಗೆ ಕಾಯಬೇಕಾಯಿತು. ಈ ವೈರಸ್ಸನ್ನು ಓಡಿಸುವ ಸೋಫೋಸ್ಬುವಿರ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರ ಕೊನೆಗೆ. ಅಂದರೆ ತಟ್ಟೆಯಿಂದ ಆ ಮಾತ್ರೆಗೆ 14 ವರ್ಷ! ಅದಕ್ಕೆ ಮುಂಚೆ ಹೆಚ್ಚಿನವರಿಗೆ 48 ವಾರದವರೆಗೂ ಇಂಟರ್‌ಫೆರಾನ್ ಇಂಜೆಕ್ಷನ್, ಜ್ವರ, ಸುಸ್ತು, ಖಿನ್ನತೆ, ಇಷ್ಟೆಲ್ಲಾ ಆದ ಮೇಲೂ ಗುಣವಾಗುತ್ತಿದ್ದವರು ಹೆಚ್ಚುಕಡಿಮೆ ಅರ್ಧದಷ್ಟು ಜನ. ಈಗ 8 ಅಥವಾ 12 ವಾರದ ಮಾತ್ರೆಯಲ್ಲಿ ಶೇ 95ಕ್ಕಿಂತ ಜಾಸ್ತಿ ಜನ ಗುಣವಾಗುತ್ತಾರೆ. ಆಲ್ಟರ್, ಹೌಟನ್, ಮತ್ತೆ ಈ ವೈರಸ್ ಒಂದೇ ಕಾಯಿಲೆ ತರಬಲ್ಲದು ಅಂತ ತೋರಿಸಿದ ಚಾರ್ಲ್ಸ್ ರೈಸ್, ಈ ಮೂವರಿಗೂ 2020ರಲ್ಲಿ ನೊಬೆಲ್ ಬಂತು.

ಲಸಿಕೆಯ ಸುದ್ದಿಯನ್ನು ಇನ್ನೂ ನಿಧಾನವಾಗಿ ಓದಿ. ‘ರೋಗನಿರೋಧಕ ಶಕ್ತಿ ಹೆಚ್ಚಿತು’ ಅಂತ ಇದ್ದರೆ, ಕಾಯಿಲೆ ತಡೆಯಿತಾ ಅಂತ ಕೆಳಗೆ ಹುಡುಕಿ. 2021ರಲ್ಲಿ ಫಲಿತಾಂಶ ಬಂದ ಒಂದು ಲಸಿಕೆ ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳನ್ನು ಎಬ್ಬಿಸಿತು, ಆದರೆ ದೀರ್ಘಕಾಲದ ಸೋಂಕನ್ನು ತಡೆಯಲಿಲ್ಲ. ಈ ವೈರಸ್ ತನ್ನ ನಕಲು ತೆಗೆಯುವಾಗ ತಪ್ಪು ತಿದ್ದಿಕೊಳ್ಳುವುದಿಲ್ಲ, ಹಾಗಾಗಿ ರೂಪ ಬದಲಾಗುತ್ತಲೇ ಇರುತ್ತದೆ. ಲಸಿಕೆಗೆ ಇದೇ ದೊಡ್ಡ ತಲೆನೋವು.

ನಿಮಗೋ ನಿಮ್ಮವರಿಗೋ ಚಿಕಿತ್ಸೆ ಶುರುವಾಗುವುದಿದ್ದರೆ, ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ ಅಂತ ಕೇಳಲೇಬೇಕು, ಯಾಕೆಂದರೆ ಸಿ ಹೋಗುವಾಗ ಒಳಗಿದ್ದ ಬಿ ಮತ್ತೆ ಕೆರಳಬಹುದು. ಈಗ ತೆಗೆದುಕೊಳ್ಳುತ್ತಿರುವ ಎಲ್ಲಾ ಔಷಧಿಗಳ ಹೆಸರನ್ನೂ ಡಾಕ್ಟರಿಗೆ ಹೇಳಿ. ಲಿವರ್ ಆಗಲೇ ಗಟ್ಟಿಯಾಗಿ ಸಿರೋಸಿಸ್ ಆಗಿದ್ದರೆ, ವೈರಸ್ ಹೋದ ಮೇಲೂ ಕ್ಯಾನ್ಸರ್ ಭಯ ಇರುತ್ತದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಬಿಡಬೇಡಿ. ಒಮ್ಮೆ ಗುಣವಾದವರಿಗೂ ಈ ಸೋಂಕು ಮತ್ತೆ ತಗುಲಬಹುದು. ಆಗ ಸುಮ್ನೆ ಆ್ಯಂಟಿಬಾಡಿ ಟೆಸ್ಟ್ ಮಾಡಿಸಿ ಗಾಬರಿಯಾಗಬೇಡಿ, ಅದು ಹೇಗೂ ರಿಯಾಕ್ಟಿವ್ ಅಂತಲೇ ಬರುತ್ತದೆ ಅಲ್ವಾ. ನೇರವಾಗಿ ಆರ್‌ಎನ್‌ಎ ಟೆಸ್ಟ್ ಕೇಳಿ.