ರೋಮ್‌ನಲ್ಲಿ ಕಾರವಾಜ್ಜೊನ ಆರು ಚಿತ್ರಗಳು, ಟಿಕೆಟ್ ಇಲ್ಲದೆ

ಗೆಳೆಯರೊಡನೆ ಮಿತವಾದ ಖರ್ಚಿನಲ್ಲಿ ರೋಮ್ ನೋಡಲು ಹೊರಟವರು ಇಟಲಿಯ ಹೆಸರಾಂತ ಚಿತ್ರಕಾರ ಕಾರವಾಜ್ಜೊನ ಆರು ಚಿತ್ರಗಳನ್ನು ಮೂರು ಚರ್ಚುಗಳಲ್ಲಿ ಪ್ರವೇಶ ಶುಲ್ಕವಿಲ್ಲದೆ ನೋಡಬಹುದು. ಜೇಬಿನಲ್ಲಿ ಒಂದಷ್ಟು ಯೂರೋ ಚಿಲ್ಲರೆ ಮಾತ್ರ ತಪ್ಪದೆ ಇರಲಿ. ಪಿಯಾಜಾ ನವೋನಾ ಎಂಬ ಚೌಕದ ಸಮೀಪದ ಸಾನ್ ಲುಯಿಜಿ ದೇಯಿ ಫ್ರಾಂಚೇಜಿಯಲ್ಲಿ ಸಂತ ಮತ್ತಾಯನ ಮೂರು ಚಿತ್ರಗಳೂ, ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯ ಸಾಂತ್ ಅಗೊಸ್ತೀನೊದಲ್ಲಿ ಲೊರೆತೊದ ಮಾತೆ ಮರಿಯಳ ಚಿತ್ರವೂ, ಉತ್ತರದ ಸಾಂತಾ ಮರಿಯಾ ದೆಲ್ ಪೊಪೊಲೊದಲ್ಲಿ ಸಂತ ಪೇತ್ರ ಮತ್ತು ಸಂತ ಪೌಲರ ಚಿತ್ರಗಳೂ ಇವೆ. 1600ರ ಆಸುಪಾಸಿನಲ್ಲಿ ಚರ್ಚಿನೊಳಗಿನ ಆಯಾ ಪುಟ್ಟ ಪ್ರಾರ್ಥನಾಲಯಕ್ಕೆಂದೇ ಬರೆಸಿದ ಈ ಚಿತ್ರಗಳು ಇಂದಿಗೂ ಅದೇ ಗೋಡೆಗಳ ಮೇಲಿರುವುದರಿಂದ ಮ್ಯೂಸಿಯಂ ಟಿಕೆಟ್ಟಿನ ಪ್ರಶ್ನೆಯೇ ಬರುವುದಿಲ್ಲ. ಮೇಲಾಗಿ ಮತ್ತಾಯನನ್ನು ಕ್ರಿಸ್ತನು ಕರೆಯುವ ಚಿತ್ರದೊಳಗಿನ ಬೆಳಕು, ಅದರ ಬಲಕ್ಕಿರುವ ನಿಜವಾದ ಕಿಟಕಿಯ ಕಡೆಯಿಂದಲೇ ಬೀಳುತ್ತದೆ, ಇದನ್ನು ಯಾವ ಮ್ಯೂಸಿಯಮ್ಮೂ ಕೊಡಲಾರದು. ಚಿತ್ರಗಳು ಮಬ್ಬಿನಲ್ಲಿರುತ್ತವೆ; ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ದೀಪ ಹೊತ್ತಿಕೊಳ್ಳುವುದರಿಂದ, ಗುಂಪಿನವರೆಲ್ಲ ಮೊದಲೇ ಹತ್ತಿರ ಸೇರಿ ನಿಂತು, ಸರದಿಯಂತೆ ಒಬ್ಬೊಬ್ಬರು ಹಾಕುವುದು ಲೇಸು. ಸಾಂತ್ ಅಗೊಸ್ತೀನೊದ ಚಿತ್ರದಲ್ಲಿ ಮೊಣಕಾಲೂರಿದ ಯಾತ್ರಿಕನ ಕೊಳೆಯಾದ ಅಂಗಾಲುಗಳು ನೋಡುಗರ ಕಡೆಗೇ ಚಾಚಿವೆ. ಬೆಳಕಿಲ್ಲದಿದ್ದರೆ ಅವು ಕಾಣದೇ ಹೋಗುತ್ತವೆ. ಮಧ್ಯಾಹ್ನ ಈ ಚರ್ಚುಗಳು ಕೆಲವು ಗಂಟೆ ಮುಚ್ಚುವುದುಂಟು, ಪೂಜೆಯ ವೇಳೆಯಲ್ಲಿ ಸುತ್ತಾಡಿ ನೋಡಲು ಬಿಡುವುದಿಲ್ಲ. ಆದ್ದರಿಂದ ನಡುಹಗಲಿನಲ್ಲಿ ಅಥವಾ ಭಾನುವಾರ ಬೆಳಿಗ್ಗೆ ಹೋಗುವವರಿಗೆ ಈ ಉಪಾಯ ಫಲಿಸದು. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಧರಿಸಿ ಹೋಗಿ.