ಮೂರು ತಿಂಗಳು ಬರೀ ಬೀಳುವುದು: ನನ್ನ ಅನುಭವ

ಜೂಡೋಗೆ ಕಾಲಿಟ್ಟು 40 ವರ್ಷದ ಮೇಲಾಯಿತು. ಕಲಿಸಲು ಶುರು ಮಾಡಿ 28 ಇರಬೇಕು. ಇಷ್ಟು ವರ್ಷದಲ್ಲಿ ನಾನು ಎದೆ ತಟ್ಟಿ ಹೇಳಿಕೊಳ್ಳುವಂಥದ್ದು ಒಂದೇ. ಹೊಸಬರಿಗೆ ಮೂರು ತಿಂಗಳು ಒಂದು ಎಸೆತವನ್ನೂ ಕಲಿಸುವುದಿಲ್ಲ. ಬರೀ ಉಕೆಮಿ, ಅಂದರೆ ಏಟಾಗದ ಹಾಗೆ ಬೀಳುವುದು. "ಆರು ತಿಂಗಳಲ್ಲಿ ಬಾಗಿಲು ಹಾಕ್ತೀಯ ನೋಡು" ಎಂದು ಜೊತೆಯ ಸೆನ್ಸೈಗಳು (ಜೂಡೋ ಗುರುಗಳು) ನಕ್ಕಿದ್ದರು. ಹಾಕುವ ಹತ್ತಿರ ಬಂದಿದ್ದೂ ಹೌದು.

ಮೊದಲು ನಾನೂ ಎಲ್ಲರ ಹಾಗೇ ಇದ್ದೆ. ಮೊದಲ ದಿನ ಹತ್ತು ನಿಮಿಷ ಉಶಿರೊ ಉಕೆಮಿ (ಹಿಂದಕ್ಕೆ ಬೀಳುವುದು), ಎರಡನೇ ವಾರಕ್ಕೆ ಓಸೋತೋ ಗಾರಿ, ಅಂದರೆ ಕಾಲು ಗುಡಿಸಿ ಹಿಂದಕ್ಕೆ ಕೆಡವುವ ಎಸೆತ. ಹುಡುಗರಿಗೂ ಖುಷಿ, ಫೀಸೂ ಬರುತ್ತಿತ್ತು. ಒಂದು ಸಂಜೆ ಹದಿನಾರರ ಹುಡುಗನೊಬ್ಬ ಓಸೋತೋ ತಿಂದು ಹಿಂದಕ್ಕೆ ಬಿದ್ದ. ಗದ್ದ ಒಳಗೆ ಎಳೆದುಕೊಳ್ಳಲಿಲ್ಲ. ಹಿಂದಲೆ ಮ್ಯಾಟಿಗೆ ಬಡಿಯಿತು. ಎದ್ದು ಕೂತು, "ಈಗ ಬೆಳಿಗ್ಗೆನಾ ಸಂಜೆನಾ ಸರ್?" ಎಂದು ಮೂರು ಸಲ ಕೇಳಿದ. ಅವನು ಹುಷಾರಾದ, ನನಗೆ ಎರಡು ವಾರ ನಿದ್ದೆ ಇಲ್ಲ. ಜಪಾನಿನ ಶಾಲೆಗಳ ಜೂಡೋದಲ್ಲಿ ತಲೆಗೆ ಏಟು ಬಿದ್ದವರಲ್ಲೂ ಓಸೋತೋ ತಿಂದವರೇ ಜಾಸ್ತಿ ಎಂದು ಆಮೇಲೆ ಓದಿದೆ.

ಅಲ್ಲಿಂದ ಎಸೆತ ಬಂದ್. ಆ ಬ್ಯಾಚಿನಲ್ಲಿ ಇಪ್ಪತ್ತೆರಡು ಜನ ಇದ್ದರು, ಮೂರನೇ ತಿಂಗಳಿಗೆ ಉಳಿದವರು ಆರೋ ಏಳೋ. "ದುಡ್ಡು ಕೊಟ್ಟು ಬೀಳೋಕೆ ಬರಬೇಕಾ?" ಎಂದು ಒಬ್ಬರ ಅಪ್ಪ ಮುಖಕ್ಕೇ ಕೇಳಿದರು. ಬಾಡಿಗೆಗೆ ಸಾಲದೆ ಅರ್ಧ ಹಾಲ್ ಬಿಟ್ಟುಕೊಟ್ಟೆ. ಜೂಡೋ ಹುಟ್ಟುಹಾಕಿದ ಕಾನೋ ಜಿಗೊರೊ 1882ರಲ್ಲಿ ತಮ್ಮ ಶಾಲೆ ಕೊಡೊಕಾನ್ ಶುರು ಮಾಡಿದ್ದೇ 12 ತತಾಮಿ (ಜಪಾನಿ ಚಾಪೆ) ಜಾಗದಲ್ಲಿ ಅಲ್ವಾ, ಎಂದು ಸಮಾಧಾನ ಮಾಡಿಕೊಂಡೆ. ಬೈಕ್ ಮಾರಿದ್ದು ಮನೆಯಲ್ಲಿ ಗೊತ್ತಾಗಲು ಒಂದು ವಾರ ಹಿಡಿಯಿತು.

ಬೈಕಿನ ದುಡ್ಡಲ್ಲಿ ಇನ್ನೊಂದು ತಪ್ಪು ಮಾಡಿದೆ. ಬೀಳುವವರಿಗೆ ಮೆತ್ತಗಿರಲಿ ಎಂದು ದಪ್ಪ ಫೋಮ್ ಹಾಸಿಸಿದೆ. ಹೇಗೆ ಬಿದ್ದರೂ ನೋವಿಲ್ಲ, ಹಾಗಾಗಿ ತಪ್ಪು ಬಿದ್ದವನಿಗೂ ತಪ್ಪು ಗೊತ್ತಾಗಲಿಲ್ಲ. ಹೆಬ್ಬೆರಳು ಫೋಮಿನೊಳಗೆ ಹೂತು ಇಬ್ಬರ ಕಾಲು ಉಳುಕಿತು. ಎಲ್ಲ ಕಿತ್ತು ಹಳೆಯ ನಾಲ್ಕು ಸೆಂಟಿಮೀಟರಿನ ಗಟ್ಟಿ ಮ್ಯಾಟಿಗೇ ಬಂದೆ. ಆ ಫೋಮನ್ನು ಕೊಂಡ ಬೆಲೆಯ ಕಾಲು ಭಾಗಕ್ಕೂ ಯಾರೂ ಕೇಳಲಿಲ್ಲ.

ಈಗ ಮಾಡುವುದು ಹೀಗೆ. ಕುಕ್ಕರಗಾಲಲ್ಲಿ ಕೂತು ಶುರು. ಬೆಲ್ಟಿನ ತುದಿ ಗದ್ದದಡಿ ಸಿಕ್ಕಿಸಿಕೊಳ್ಳಬೇಕು, ಜಾರಿದರೆ ಆ ಬೀಳು ಲೆಕ್ಕಕ್ಕಿಲ್ಲ. ನಾನು ಬೆನ್ನು ತಿರುಗಿಸಿ ನಿಂತು ಕಿವಿಯಲ್ಲೇ ತಿದ್ದುತ್ತೇನೆ. ಕೈಯೂ ಬೆನ್ನೂ ಒಟ್ಟಿಗೆ ತಾಗಿದರೆ 'ಪಟ್' ಎಂದು ಒಂದೇ ಸದ್ದು. ಬೆನ್ನು ಮೊದಲಾದರೆ 'ಧಡ್-ಪಟ್'. ಕೈ ಮೈಯಿಂದ ತುಂಬಾ ಅಗಲಕ್ಕೆ ಚಾಚಿದ್ದರೆ ಸದ್ದು ಜೊಳ್ಳು, ಭುಜಕ್ಕೂ ಕೇಡು. ತರಗತಿಗೆ ಅರವತ್ತೋ ಎಪ್ಪತ್ತೋ ಬೀಳು, ವಾರಕ್ಕೆ ಮೂರು ದಿನ. ಮೂರು ತಿಂಗಳಿಗೆ ಎರಡು ಸಾವಿರ ದಾಟುತ್ತದೆ. ಬೇಜಾರಾಗದಿರಲು ಎರಡನೇ ವಾರದಿಂದ ಒಂದು ಆಟ ಆಡಿಸುತ್ತೇನೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬೈಕ್ ಮಾರಿ ಕಲಿತದ್ದು ಅದು.

ಮಧ್ಯೆ ಒಂದು ಹುಚ್ಚೂ ಹಿಡಿದಿತ್ತು. ಕಣ್ಣಿಗೆ ಬಟ್ಟೆ ಕಟ್ಟಿ ಬೀಳಿಸುವುದು. ಹಿಂದಕ್ಕೆ, ಪಕ್ಕಕ್ಕೆ ಚೆನ್ನಾಗಿಯೇ ಬಿದ್ದರು. ಮಾಎ ಉಕೆಮಿಯಲ್ಲಿ (ಮುಂದಕ್ಕೆ ಬೀಳುವಾಗ) ಒಬ್ಬನ ಮೂಗಿನಿಂದ ರಕ್ತ ಬಂತು, ಅಲ್ಲಿಗೆ ಬಿಟ್ಟೆ. ಕರಾಟೆ ಗೆಳೆಯನ ಶಿಷ್ಯರಿಗೂ ಹೇಳಿಕೊಟ್ಟು ನೋಡಿದೆ. ಕತಾದಲ್ಲಿ (ಒಬ್ಬರೇ ಮಾಡುವ ಕ್ರಮಬದ್ಧ ಅಭ್ಯಾಸ) ನಿಂತು ನಿಂತು ಅವರ ಕಾಲು ನೆಲ ಬಿಡಲು ಒಪ್ಪುವುದೇ ಇಲ್ಲ, ಮಾರಾಯರೇ!

ನಾನು ಎಣಿಸಿರದ ಲಾಭ ನಾಲ್ಕನೇ ತಿಂಗಳಲ್ಲಿ ಸಿಕ್ಕಿತು. ಬೀಳುವ ಹೆದರಿಕೆ ಇಲ್ಲದ ಉಕೆ, ಅಂದರೆ ಎಸೆತ ತಿನ್ನುವವನು, ಮೈ ಬಿಗಿಹಿಡಿಯುವುದಿಲ್ಲ. ತೋರಿಗೆ (ಎಸೆಯುವವನಿಗೆ) ಕುಜುಶಿ, ಅಂದರೆ ಎದುರಿನವನ ಸಮತೋಲ ತಪ್ಪಿಸುವುದು, ಸಿಕ್ಕಿದ್ದು ಕೈಗೇ ಗೊತ್ತಾಗುತ್ತದೆ. ಮೊದಲು ಎರಡು ತಿಂಗಳು ಹಿಡಿಯುತ್ತಿದ್ದ ಸೇಓಯಿ ನಾಗೆ (ಬೆನ್ನ ಮೇಲೆ ಎತ್ತಿ ಎಸೆಯುವುದು) ಈಗ ಎರಡು ಮೂರು ವಾರಕ್ಕೆ ಒಂದು ಆಕಾರಕ್ಕೆ ಬರುತ್ತದೆ. ಹನ್ನೊಂದು ವರ್ಷದಿಂದ ನನ್ನ ಮ್ಯಾಟಿನ ಮೇಲೆ ಒಂದು ತಲೆಯೂ ಬಡಿದಿಲ್ಲ.

ಬಾಗಿಲು ಹಾಕ್ತೀಯ ಎಂದವರಲ್ಲಿ ಒಬ್ಬರು ಈಗ ತಮ್ಮ ಹೊಸಬರನ್ನು ಮೊದಲ ಮೂರು ತಿಂಗಳು ನನ್ನ ಹತ್ತಿರ ಕಳಿಸುತ್ತಾರೆ. ಫೀಸು ಅರ್ಧರ್ಧ. ಬಂದಾಗಲೆಲ್ಲ ಆ ಆಟದ ಬಗ್ಗೆ ಸುಮ್ನೆ ಕೇಳಿದ ಹಾಗೆ ಕೇಳುತ್ತಾರೆ.